ಇಸ್ರಾಯೇಲಿನ ಕುಲಗಳು ಹನ್ನೆರಡು ಸರಿ, ಆದರೆ ಯಾವ ಹನ್ನೆರಡು?

ಎಲ್ಲರಿಗೂ ನಮಸ್ಕಾರ. ಬೈಬಲಿನಲ್ಲಿ ಬರುವ ಇಸ್ರಾಯೇಲ್ ಜನಾಂಗದಲ್ಲಿ ಎಷ್ಟು ಕುಲಗಳು ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ ಹನ್ನೆರಡು. ಸರಿ, ಹಾಗಾದರೆ ಹೆಸರು ಹೇಳಿ ನೋಡೋಣ.

[ಸ್ಕ್ರೀನ್ ಮೇಲೆ: ರೂಬೇನ್, ಸಿಮೆಯೋನ್, ಲೇವಿ, ಯೆಹೂದ, ಜೆಬುಲೂನ್, ಇಸ್ಸಾಕಾರ್, ದಾನ್, ಗಾದ್, ಆಶೇರ್, ನಫ್ತಾಲಿ, ಯೋಸೇಫ, ಬೆನ್ಯಾಮೀನ್]

ಇವರು ಈ ಜನಾಂಗದ ಮೂಲಪುರುಷ ಯಾಕೋಬನ ಹನ್ನೆರಡು ಗಂಡು ಮಕ್ಕಳು. ಆದಿಕಾಂಡ 49ರಲ್ಲಿ ಅವನು ಸಾಯುವ ಮುಂಚೆ ಕರೆದು ಮಾತಾಡುವುದು ಇವರನ್ನೇ. ಈಗ ಅರಣ್ಯಕಾಂಡದ ಮೊದಲ ಅಧ್ಯಾಯ ತೆಗೆಯಿರಿ. ಇಸ್ರಾಯೇಲ್ಯರು ಐಗುಪ್ತ (ಈಜಿಪ್ಟ್) ಬಿಟ್ಟ ಎರಡನೇ ವರ್ಷ, ಸೀನಾಯಿ ಮರುಭೂಮಿ, ಅವರ ನಾಯಕ ಮೋಶೆ ಮತ್ತು ಅವನ ಅಣ್ಣ, ಯಾಜಕ ಆರೋನ ಜನಗಣತಿ ಮಾಡುತ್ತಿದ್ದಾರೆ. ಇಲ್ಲೂ ಹನ್ನೆರಡೇ ಕುಲ. ಆದರೆ ಲೇವಿ ಇಲ್ಲ! ಯೋಸೇಫನ ಜಾಗದಲ್ಲಿ ಅವನ ಇಬ್ಬರು ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆ ಎರಡು ಕುಲಗಳಾಗಿ ನಿಂತಿದ್ದಾರೆ, ಯಾಕಂದರೆ ತಾತ ಯಾಕೋಬ ಈ ಮೊಮ್ಮಕ್ಕಳನ್ನು ತನ್ನ ಸ್ವಂತ ಮಕ್ಕಳೆಂದೇ ಒಪ್ಪಿಕೊಂಡಿದ್ದ. ಒಂದು ಹೋಯ್ತು, ಒಂದು ಬಂತು, ಲೆಕ್ಕ ಸರಿಹೋಯ್ತು.

ಲೇವಿಯನ್ನು ಯಾಕೆ ಬಿಟ್ಟರು? ಇದು ಯುದ್ಧಕ್ಕೆ ಮಾಡಿದ ಗಣತಿ. 20 ವರ್ಷ ಮೇಲ್ಪಟ್ಟ, ಯುದ್ಧಕ್ಕೆ ಹೋಗಬಲ್ಲ ಗಂಡಸರು ಮಾತ್ರ ಲೆಕ್ಕಕ್ಕೆ. ಒಟ್ಟು 6,03,550. ಲೇವಿಯರ ಕೆಲಸವೇ ಬೇರೆ: ದೇವದರ್ಶನದ ಗುಡಾರ, ಅಂದರೆ ಜನ ಜೊತೆಗೆ ಒಯ್ಯುತ್ತಿದ್ದ ಆರಾಧನೆಯ ಡೇರೆ, ಅದನ್ನು ಬಿಚ್ಚುವುದು, ಹೊರುವುದು, ಮತ್ತೆ ನಿಲ್ಲಿಸುವುದು.

ಹಾಗಂತ ಅವರನ್ನು ಸುಮ್ನೆ ಬಿಡಲಿಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇದು, ಅರಣ್ಯಕಾಂಡ 3. ಇಲ್ಲಿ ಒಂದು ತಿಂಗಳ ಗಂಡು ಕೂಸನ್ನೂ ಎಣಿಸುತ್ತಾರೆ. ಪ್ರತಿ ಮನೆಯ ಚೊಚ್ಚಲ ಮಗ ದೇವರಿಗೆ ಸೇರಿದವನು, ಅವನ ಬದಲು ಒಬ್ಬ ಲೇವಿ ಅನ್ನುವುದು ಏರ್ಪಾಡು. ಲೇವಿಯರು 22,000, ಚೊಚ್ಚಲು ಮಕ್ಕಳು 22,273. ಉಳಿದ 273 ಮಂದಿಗೆ ತಲೆಗೆ 5 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ, ಒಟ್ಟು 1,365 ಶೆಕೆಲ್ ವಸೂಲಿ ಮಾಡಿ ಆರೋನನಿಗೂ ಅವನ ಮಕ್ಕಳಿಗೂ ಕೊಟ್ಟರು. ಎಷ್ಟು ಕರಾರುವಾಕ್ಕು ಅಲ್ವಾ?

ಆದರೆ ಅದೇ ಅಧ್ಯಾಯದಲ್ಲಿ ಲೇವಿಯರ ಮೂರು ಮನೆತನಗಳ ಲೆಕ್ಕವೂ ಇದೆ. ಗೇರ್ಷೋನ್ 7,500, ಕೆಹಾತ್ 8,600, ಮೆರಾರಿ 6,200. ಕೂಡಿಸಿ ನೋಡಿ, 22,300 ಬರುತ್ತದೆ. ಆ 300 ಮಂದಿ ಎಲ್ಲಿ ಹೋದರು? 11ನೇ ಶತಮಾನದಲ್ಲಿ ಫ್ರಾನ್ಸ್‌ನಲ್ಲಿದ್ದ ಯೆಹೂದಿ ಪಂಡಿತ ರಾಶಿ ಕೊಡುವ ಉತ್ತರ ಇದು: ಅವರು ಲೇವಿಯರಲ್ಲೇ ಚೊಚ್ಚಲು ಮಕ್ಕಳು, ತಾವೇ ದೇವರಿಗೆ ಸೇರಿದವರಾದ ಮೇಲೆ ಇನ್ನೊಬ್ಬರ ಬದಲು ನಿಲ್ಲೋದು ಹೇಗೆ?

ಎಲ್ಲ ಕಡೆಯೂ ಹನ್ನೆರಡೇ ಸಿಗುತ್ತವೆ ಅಂತಲೂ ಇಲ್ಲ. ಧರ್ಮೋಪದೇಶಕಾಂಡ 33ರಲ್ಲಿ ಮೋಶೆ ಆಶೀರ್ವಾದ ಮಾಡುವಾಗ ಸಿಮೆಯೋನ್ ಹೆಸರೇ ಬರುವುದಿಲ್ಲ. ನ್ಯಾಯಸ್ಥಾಪಕರು 5ರಲ್ಲಿ ಯುದ್ಧ ಗೆದ್ದ ಮೇಲೆ ಪ್ರವಾದಿನಿ ದೆಬೋರ ಹಾಡುವ ಹಾಡು ಬೈಬಲಿನ ತುಂಬಾ ಹಳೆಯ ಪದ್ಯಗಳಲ್ಲಿ ಒಂದು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಅದರಲ್ಲಿರುವುದು ಹತ್ತೇ ಹೆಸರು. ಯುದ್ಧಕ್ಕೆ ಬಂದವರಿಗೆ ಹೊಗಳಿಕೆ, ಬಾರದವರಿಗೆ ಬೈಗುಳ. ಯೆಹೂದಕ್ಕೆ ಬೈಗುಳವೂ ಇಲ್ಲ, ಹೆಸರೇ ಇಲ್ಲ.

ಕೊನೆಗೆ ಯೆಹೆಜ್ಕೇಲ 48, ಪ್ರವಾದಿ ಯೆಹೆಜ್ಕೇಲ ಕಂಡ ದರ್ಶನ. ದೇಶ ಹಂಚುವಾಗ ಹನ್ನೆರಡು ಪಾಲಿನಲ್ಲಿ ಲೇವಿ ಇಲ್ಲ, ಎಫ್ರಾಯೀಮ್ ಮತ್ತು ಮನಸ್ಸೆಗೆ ಒಂದೊಂದು ಪಾಲು. ಲೇವಿಯರ ಜಾಗವನ್ನು ಬೇರೆಯಾಗಿ ತೆಗೆದಿಟ್ಟಿದ್ದಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಪಟ್ಟಣದ ಹನ್ನೆರಡು ಬಾಗಿಲುಗಳಿಗೆ ಹೆಸರಿಡುತ್ತಾರೆ. ಅಲ್ಲಿ ಉತ್ತರಕ್ಕೆ ಲೇವಿಯ ಬಾಗಿಲು ಇದೆ, ಪೂರ್ವಕ್ಕೆ ಯೋಸೇಫನದು ಒಂದೇ ಬಾಗಿಲು.