ಒಂದೇ ಸಾಲು ಬಿಟ್ಟ ಹತ್ತು ಓಲೆಗರಿಗಳು

ಕೇಳುಗರಿಗೆ ನಮಸ್ಕಾರ.

"ಹಳೆಯ ಓಲೆಗ್ರಂಥದಲ್ಲೇ ಇದೆ" ಅಂದುಬಿಟ್ಟರೆ ನಮ್ಮ ಕಡೆ ಮತ್ತೆ ಮಾತಿಲ್ಲ. ಆದರೆ ಓಲೆ ಬರೆದವನೇ ಕೊನೆಯಲ್ಲಿ ಎಷ್ಟೋ ಸಲ ಕೈ ತೊಳೆದುಕೊಂಡಿರುತ್ತಾನೆ: "ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ." ನೋಡಿದ ಪುಸ್ತಕ ಹೇಗಿತ್ತೋ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ! ಬೆನ್ನು, ಸೊಂಟ, ಕುತ್ತಿಗೆ ಮುರಿದುಹೋಯಿತು, ಜೋಪಾನ ಮಾಡಿ ಅಂತ ಗೋಳು ಬೇರೆ. ಪಾಪ, ಸುಳ್ಳಲ್ಲ.

ನಮ್ಮ ಕರಾವಳಿಯ ಮಳೆ, ತೇವ, ಒರಲೆಗೆ ಗರಿ ಬಹುಕಾಲ ಬಾಳುವುದು ಕಷ್ಟ. ಪ್ರತಿ ಮಾಡಲೇಬೇಕು. ಹದ ಮಾಡಿದ ಶ್ರೀತಾಳೆ ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆಯುವ ಕೆಲಸ. ಕೊರೆಯುವಾಗ ಅಕ್ಷರ ಸರಿಯಾಗಿ ಕಾಣುವುದೂ ಇಲ್ಲ, ಮಸಿ ಸವರಿದ ಮೇಲೆಯೇ ಎದ್ದು ಬರುವುದು. ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ. ಒಂದು ಸ್ತೋತ್ರದ ಸಾಲುಗಳೆಲ್ಲ "ನಮೋ ನಮಃ" ಎಂದೇ ಮುಗಿಯುತ್ತವೆ ಅಂತಿಟ್ಟುಕೊಳ್ಳಿ. ಒಂದು ಸಾಲು ಬರೆದು ಮತ್ತೆ ಮೂಲದತ್ತ ನೋಡುತ್ತಾನೆ. ಕಣ್ಣು ಹೋಗಿ ಮುಂದಿನ "ನಮೋ ನಮಃ" ಮೇಲೆ ಕೂರುತ್ತದೆ. ನಡುವಿನ ಸಾಲು ಹೋಯಿತು. ಅವನ ಪ್ರತಿ ನೋಡಿ ಬರೆದವರ ಓಲೆಗಳಲ್ಲೂ ಅದು ಹೋಯಿತು.

ಗ್ರಂಥದ ಪಾಠ, ಅಂದರೆ ಮೂಲದಲ್ಲಿದ್ದ ಮಾತು ಯಾವುದೆಂದು ಪರಿಶೀಲಿಸುವವರಿಗೆ ಇಂಥ ತಪ್ಪೇ ಸುಳಿವು. ಹತ್ತು ಪ್ರತಿಗಳು ಒಂದೇ ಸಾಲನ್ನು ಬಿಟ್ಟಿದ್ದರೆ ಅವು ಬಹುಶಃ ಒಂದೇ ತಾಯಿಯ ಮಕ್ಕಳು. ಸಾಕ್ಷಿಯ ಲೆಕ್ಕಕ್ಕೆ ಹತ್ತಲ್ಲ, ಒಂದೇ. ದೂರದ ಊರಿನ, ಬೇರೆ ಲಿಪಿಯ ಒಂದು ಪ್ರತಿಯಲ್ಲಿ ಆ ಸಾಲು ಇದ್ದರೆ, ಉಳಿದ ಕಡೆ ಅದು ತಪ್ಪುಗಳ ಮೂಟೆಯಾದರೂ ಇಲ್ಲಿ ಅದರ ಮಾತು ಕೇಳಲೇಬೇಕು. ಆ ಸಾಲು ಯಾರೋ ಆಮೇಲೆ ಸೇರಿಸಿದ್ದೂ ಇರಬಹುದು, ಅದನ್ನೂ ತೂಗಿ ನೋಡಬೇಕು.

1947ರ ಸುಮಾರಿಗೆ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಬೈಬಲ್ಲಿನ ಯೆಶಾಯ ಗ್ರಂಥದ ಸುರುಳಿ ಸಿಕ್ಕಿತು. ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು 1000 ವರ್ಷ ಹಳತು. ಕಾಗುಣಿತದ ವ್ಯತ್ಯಾಸ ಬೇಕಾದಷ್ಟಿತ್ತು, ಒಟ್ಟು ಪಾಠ ಮಾತ್ರ ಅಷ್ಟೇನೂ ಕದಲಿರಲಿಲ್ಲ. ಆದರೂ 53ನೇ ಅಧ್ಯಾಯದಲ್ಲಿ, ನಂತರದ ಹೀಬ್ರೂ ಪ್ರತಿಗಳಲ್ಲಿ ಇಲ್ಲದ 'ಬೆಳಕು' ಎಂಬ ಪದ ಇದರಲ್ಲಿತ್ತು. ಹಳೆಯ ಗ್ರೀಕ್ ಅನುವಾದದಲ್ಲಿ ಅದು ಮೊದಲಿನಿಂದಲೂ ಇತ್ತು. ಅನುವಾದವೂ ಸಾಕ್ಷಿಯೇ ಅಲ್ವಾ?

ಇದೆಲ್ಲ ಪರದೇಶದವರ ತಲೆಹರಟೆ, ನಮಗೇಕೆ ಅನ್ನುವವರಿದ್ದಾರೆ. ಅವರು ಉಡುಪಿಯ ಮಧ್ವಾಚಾರ್ಯರ ಮಾತನ್ನೇ ಓದಬೇಕು. 'ಮಹಾಭಾರತ ತಾತ್ಪರ್ಯ ನಿರ್ಣಯ'ದ ಎರಡನೇ ಅಧ್ಯಾಯದಲ್ಲಿ ಅವರು ಮುಚ್ಚುಮರೆ ಮಾಡಿಲ್ಲ: ಕೆಲವು ಕಡೆ ಹೊಸದನ್ನು ಸೇರಿಸುತ್ತಾರೆ, ಕೆಲವು ಕಡೆ ಇದ್ದದ್ದನ್ನು ಬಿಡುತ್ತಾರೆ, ಹಿಂದುಮುಂದು ಮಾಡುತ್ತಾರೆ, ಕೆಲವೊಮ್ಮೆ ಎಚ್ಚರ ತಪ್ಪಿ ಬೇರೆಯೇ ಆಗುತ್ತದೆ. ತಾವು ಊರೂರಿನ ಬೇರೆಬೇರೆ ಪ್ರತಿ ನೋಡಿದ್ದಾಗಿಯೂ ಹೇಳುತ್ತಾರೆ. ಹರಿಯ ಪ್ರಸಾದದಿಂದ ನಿರ್ಣಯ ಹೇಳುತ್ತೇನೆ ಎಂದರು ಆಚಾರ್ಯರು. ಪ್ರತಿಗಳನ್ನು ಹೋಲಿಸಿ ಮಹಾಭಾರತದ ಪಾಠ ನಿರ್ಣಯಿಸಿದ ಪುಣೆಯ ಭಂಡಾರಕರ್ ಸಂಸ್ಥೆಗೆ 1919ರಿಂದ 1966ರವರೆಗೆ ಹಿಡಿಯಿತು. ದಾರಿ ಬೇರೆ, ಗುರುತಿಸಿದ ರೋಗ ಒಂದೇ.

ಆಚಾರ್ಯರ ಗ್ರಂಥಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಅವರ ನೇರ ಶಿಷ್ಯ ಹೃಷೀಕೇಶತೀರ್ಥರು ತುಳು ಲಿಪಿಯಲ್ಲಿ ಬರೆದದ್ದೆಂದು ಪರಂಪರೆ ಹೇಳುವ ಓಲೆಗಳು ಪಲಿಮಾರು ಮಠದಲ್ಲಿ ಉಳಿದಿವೆ. ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲವನ್ನು, ಅಂದರೆ ಆಚಾರ್ಯರ ಎಲ್ಲ ಗ್ರಂಥಗಳನ್ನು, ಸಂಪಾದಿಸಿದ್ದು ಆ ಓಲೆಗಳನ್ನು ಎದುರಿಗಿಟ್ಟುಕೊಂಡೇ. ಕಪ್ಪುಗಟ್ಟಿದ ಗರಿಗಳನ್ನು ಅಮೆರಿಕದ ರಾಚೆಸ್ಟರ್‌ನ ತಂತ್ರಜ್ಞರು ಅತಿಗೆಂಪು ಕಿರಣದಲ್ಲಿ ಚಿತ್ರ ತೆಗೆದು ಓದುವಂತೆ ಮಾಡಿದರು.

ನಿಮ್ಮ ಮನೆಯ ಅಟ್ಟದಲ್ಲೂ ಓಲೆಕಟ್ಟು ಇರಬಹುದು. ನವರಾತ್ರಿಯ ಪುಸ್ತಕಪೂಜೆಗೆ ಇಟ್ಟರೆ ಗಂಧ, ಕುಂಕುಮ, ನೀರು ತಾಗಿಸಬೇಡಿ. ತಪ್ಪು ಜಾಸ್ತಿ ಇದೆ ಅಂತ ಯಾರೋ ಹೇಳಿದರೆಂದು ಸುಮ್ನೆ ಹೊಳೆಗೆ ಬಿಡಬೇಡಿ. ದಾರ ಬಿಚ್ಚುವಾಗ ಗರಿಗಳ ಕ್ರಮ ಕೆಡದಂತೆ ನೋಡಿಕೊಂಡು ಎರಡೂ ಬದಿಯ ಫೋಟೋ ತೆಗೆಸಿ. ತುಳು ಲಿಪಿ ಓದಬಲ್ಲವರು ಉಡುಪಿ, ಮಂಗಳೂರಿನಲ್ಲಿ ಈಗ ಸಿಗುತ್ತಾರೆ. ಅವರಿಗೆ ತೋರಿಸಿ. ನಮಸ್ಕಾರ.