ನಮ್ಮ ಏರಿಗೆ, ನಮ್ಮ ಮಳೆಗೆ ಒಂದು ಸ್ಕೂಟರ್

ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದವರು ಜಾಸ್ತಿ ಇದ್ದೀರಿ. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ಸ್ಕೂಟರ್ ತೆಗೆದುಕೊಳ್ಳುವಾಗ ನಮ್ಮ ಮೊದಲ ಪ್ರಶ್ನೆ ಮೈಲೇಜ್ ಎಷ್ಟು, ಎರಡನೆಯದು ರೇಟ್ ಎಷ್ಟು. ಎರಡೂ ಕೇಳಲೇಬೇಕಾದ್ದು. ಆದರೆ ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ದಿನಾ ಗಾಡಿ ಓಡಿಸುವವರು ಅದಕ್ಕಿಂತ ಮೊದಲು ತಮ್ಮ ದಾರಿಯನ್ನು ನೋಡಬೇಕು. ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ಏರು ಉಂಟು? ಹಿಂದೆ ಯಾರಾದರೂ ಕೂರುತ್ತಾರಾ? ಹೈವೇಯಲ್ಲಿ ಎಷ್ಟು ದೂರ ಹೋಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅರ್ಧ ಗಾಡಿ ಆರಿಸಿದ ಹಾಗೆಯೇ.

ಏರಿನಿಂದ ಶುರು ಮಾಡೋಣ. ಕಲ್ಸಂಕದಿಂದ ಹೊರಟು ಇಂದ್ರಾಳಿ ದಾಟಿ ಮಣಿಪಾಲ ಹತ್ತುವವರಿಗೆ, ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರೇ ಇದ್ದರೆ 110 ಸಿಸಿ ಗಾಡಿ ಆರಾಮಾಗಿ ಹತ್ತುತ್ತದೆ. ಹಿಂದೆ ಒಬ್ಬರು ಕೂತು, ಮುಂದೆ ಅಕ್ಕಿ ಚೀಲ ಇಟ್ಟರೆ ಕಥೆ ಬೇರೆ. ಸ್ಕೂಟರಿನಲ್ಲಿ ನಾವು ಗೇರ್ ಹಾಕುವುದಿಲ್ಲ. ಒಳಗೆ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟ್. ಇಂಜಿನ್ ಸ್ಪೀಡ್ ಏರಿದ ಹಾಗೆ ಮುಂದಿನ ಪುಲ್ಲಿಯ ರೋಲರ್‌ಗಳು ಹೊರಗೆ ಸರಿದು ಬೆಲ್ಟನ್ನು ಮೇಲೆ ತಳ್ಳುತ್ತವೆ. ಅದೇ ನಮ್ಮ ಗೇರ್. ಏರಿನಲ್ಲಿ ಭಾರ ಬಿದ್ದಾಗ ಬೆಲ್ಟ್ ಕೆಳಗಿನ ಗೇರಿನಲ್ಲೇ ಉಳಿಯುತ್ತದೆ, ಇಂಜಿನ್ ಬೊಬ್ಬೆ ಹಾಕುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ನಾವು ಆಕ್ಸಿಲರೇಟರ್ ಇನ್ನೂ ತಿರುಗಿಸುತ್ತೇವೆ, ಪೆಟ್ರೋಲ್ ಇನ್ನೂ ಸುರಿಯುತ್ತದೆ. ಹಾಗಾಗಿ ದಿನಾ ಇಬ್ಬರು ಏರು ಹತ್ತುವ ಮನೆಯಲ್ಲಿ 110ರ ಮೈಲೇಜ್ ಲಾಭ ಕಾಗದದಲ್ಲೇ ಉಳಿಯುತ್ತದೆ. ಬೆಲ್ಟ್ ಮತ್ತು ಕ್ಲಚ್ ಬೇಗ ಸವೆಯುವುದು ಬೇರೆ. ಅಂಥ ಮನೆಗೆ ನಾನು 125 ಸಿಸಿಯನ್ನೇ ಹೇಳುತ್ತೇನೆ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಏರು ಇದ್ದಲ್ಲಿ ಇಳಿಜಾರೂ ಉಂಟಲ್ವಾ? ಇಳಿಯುವಾಗ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಇಂಜಿನ್ ಚಾಲೂ ಇದ್ದರೆ ಅದೇ ಗಾಡಿಯನ್ನು ಸ್ವಲ್ಪ ಹಿಡಿದಿಡುತ್ತದೆ. ಆಫ್ ಮಾಡಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಇನ್ನೊಂದು ವಿಷಯ: ತೀರಾ ನಿಧಾನವಾದಾಗ ಸ್ಕೂಟರಿನ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗ ಗಾಡಿ ಸುಮ್ನೆ ಜಾರುತ್ತಾ ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಒಳ್ಳೆಯ ಬ್ರೇಕ್ ಯಾಕೆ ಬೇಕು ಎಂಬುದಕ್ಕೆ ಇದೇ ಕಾರಣ.

ಈಗ ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಈ ನಾಲ್ಕು ತಿಂಗಳು ಗಾಡಿ ಮನೆಯಲ್ಲಿ ಇಡಲು ಆಗುತ್ತದಾ? ಒಂದೇ ಮಾಡೆಲ್ ಡ್ರಮ್ ಬ್ರೇಕಿನಲ್ಲೂ ಬರುತ್ತದೆ, ಅಂದರೆ ಚಕ್ರದ ನಡುವಿನ ಮುಚ್ಚಿದ ಡಬ್ಬದೊಳಗೆ ಹಿಡಿಯುವ ಬ್ರೇಕ್; ಮುಂದೆ ಡಿಸ್ಕ್, ಅಂದರೆ ಹೊರಗೆ ಕಾಣುವ ತಟ್ಟೆಯನ್ನು ಹಿಡಿಯುವ ಬ್ರೇಕ್, ಹಾಕಿಯೂ ಬರುತ್ತದೆ. ವ್ಯತ್ಯಾಸ ಕೆಲವು ಸಾವಿರ ರೂಪಾಯಿ. ಮೊಣಕಾಲು ಮಟ್ಟದ ನೀರಿನಲ್ಲಿ ಹಾದು ಬಂದ ಗಾಡಿಯ ಡ್ರಮ್ ಬಿಚ್ಚಿದರೆ ಒಳಗೆ ಬ್ರೇಕ್ ಶೂ ಮೇಲೆ ಕೆಂಪು ಮಣ್ಣು ಕೆಸರಾಗಿ ಅಂಟಿರುತ್ತದೆ. ಮೊದಲ ಸಲ ಬ್ರೇಕ್ ಹಿಡಿದಾಗ ಹಿಡಿತವೇ ಸಿಗುವುದಿಲ್ಲ, ಮತ್ತೆ ಹಿಡಿದರೆ ತಟ್ಟನೆ ಕಚ್ಚುತ್ತದೆ. ಡಿಸ್ಕ್ ತೆರೆದೇ ಇರುವುದರಿಂದ ಒಂದೆರಡು ಸುತ್ತಿಗೆ ನೀರು ಹಾರಿಹೋಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಲ್ಲಿ ಸಿಬಿಎಸ್ ಕಡ್ಡಾಯ. ಅಂದರೆ ಎಡಗೈ ಬ್ರೇಕ್ ಹಿಡಿದರೆ ಹಿಂದಿನ ಚಕ್ರದ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಒಳ್ಳೆಯದೇ, ಆದರೆ ಅದನ್ನು ನಂಬಿ ಬಲಗೈ ಬ್ರೇಕನ್ನು ಮರೆಯಬೇಡಿ. ಅಲಾಯ್ ಚಕ್ರ, ಫೋನ್ ಕನೆಕ್ಟ್ ಆಗುವ ಮೀಟರ್, ಹೊಸ ಬಣ್ಣ, ಇವೆಲ್ಲ ಬಿಟ್ಟರೂ ನಡೆಯುತ್ತದೆ. ಮುಂದಿನ ಡಿಸ್ಕ್ ಒಂದನ್ನು ಬಿಡಬೇಡಿ.

ಮಳೆಗಾಲದಲ್ಲಿ ಹೊಂಡಗಳೂ ಬರುತ್ತವೆ, ಅವು ನೀರು ತುಂಬಿ ಕಾಣುವುದೂ ಇಲ್ಲ. ಇಲ್ಲಿ ಚಕ್ರದ ಅಳತೆ ಕೆಲಸಕ್ಕೆ ಬರುತ್ತದೆ. ಆಕ್ಟಿವಾ 125, ಸುಜುಕಿ ಆಕ್ಸೆಸ್, ಯಮಹಾ ಫ್ಯಾಸಿನೊ ಇವುಗಳಲ್ಲಿ ಮುಂದೆ 12 ಇಂಚು, ಹಿಂದೆ 10 ಇಂಚು. ಟಿವಿಎಸ್ ಜುಪಿಟರ್ 125 ಮತ್ತು ಎನ್‌ಟಾರ್ಕ್‌ನಲ್ಲಿ ಎರಡೂ 12. ಹಿಂದೆ ಕೂತವರ ಸೊಂಟಕ್ಕೆ ಈ ಎರಡು ಇಂಚಿನ ವ್ಯತ್ಯಾಸ ಗೊತ್ತಾಗುತ್ತದೆ. ಶೋರೂಮಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರನ್ನು ಹಿಂದೆ ಕೂರಿಸಿಯೇ ಟೆಸ್ಟ್ ರೈಡ್ ಮಾಡಿ. ಒಬ್ಬರೇ ಸಮತಟ್ಟು ರಸ್ತೆಯಲ್ಲಿ ಒಂದು ರೌಂಡ್ ಹೊಡೆದರೆ ಯಾವ ಗಾಡಿಯೂ ಚಂದವೇ ಮಾರಾಯ್ರೆ.

ಹೈವೇ ವಿಷಯ. ಕಾಪು, ಪಡುಬಿದ್ರಿ, ಸುರತ್ಕಲ್ ಕಡೆಯಿಂದ 66ನೇ ಹೆದ್ದಾರಿಯಲ್ಲಿ ದಿನಾ ಬರುವವರಿದ್ದೀರಿ. ಎಕ್ಸ್‌ಪ್ರೆಸ್ ಬಸ್ ಪಕ್ಕದಲ್ಲಿ ಹಾದು ಹೋದಾಗ ಗಾಳಿ ಗಾಡಿಯನ್ನು ತಳ್ಳುತ್ತದೆ. ಕೂಳೂರು ಸೇತುವೆ, ನೇತ್ರಾವತಿ ಸೇತುವೆ ಮೇಲೆ ಬಸ್ ಇಲ್ಲದಿದ್ದರೂ ತಳ್ಳುತ್ತದೆ. ಫ್ಯಾಸಿನೊ 99 ಕಿಲೋ, ಎನ್‌ಟಾರ್ಕ್ ಸುಮಾರು 118 ಕಿಲೋ. ಹೈವೇಯಲ್ಲಿ ಭಾರದ ಗಾಡಿ ಗಟ್ಟಿ ನಿಲ್ಲುತ್ತದೆ. ಅದೇ ಭಾರ ಮನೆಯ ಅಂಗಳದಲ್ಲಿ ಮೇನ್ ಸ್ಟ್ಯಾಂಡ್ ಹಾಕುವಾಗ ಕಷ್ಟ. ವಯಸ್ಸಾದವರು, ಸಣ್ಣ ಮೈಯವರು ಓಡಿಸುವುದಾದರೆ ಹಗುರವೇ ಒಳ್ಳೆಯದು. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತದಾ ಎಂದು ನೋಡಿ.

ಯುವಕರು ಯಮಹಾದ ಏರಾಕ್ಸ್ 155 ಕೇಳುತ್ತಾರೆ. 14 ಇಂಚಿನ ಚಕ್ರ, ಒಳ್ಳೆಯ ಪಿಕಪ್, ನಿಜವಾಗಿ ಒಳ್ಳೆಯ ಗಾಡಿ. ಆದರೆ ಕಾಲಿಡುವಲ್ಲಿ ನಡುವೆ ಎತ್ತರದ ದಿಂಡು ಉಂಟು. ಗ್ಯಾಸ್ ಸಿಲಿಂಡರ್ ಇಡಲು ಆಗುವುದಿಲ್ಲ, ರೋಡಿಗೆ ಬರುವಾಗ ಒಂದೂವರೆ ಲಕ್ಷ ದಾಟುತ್ತದೆ. ಮನೆಗೆಲ್ಲ ಒಂದೇ ಗಾಡಿ ಎನ್ನುವವರಿಗೆ ಅದು ಬೇಡ.

ಎಲೆಕ್ಟ್ರಿಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಏರಿಗೆ ಅದು ಚೆನ್ನಾಗಿದೆ, ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಸ್ವಂತ ಮನೆಯಿದ್ದು ಅಂಗಳದಲ್ಲೇ ಚಾರ್ಜ್ ಮಾಡಲು ಆಗುವುದಾದರೆ ಖಂಡಿತ ಯೋಚಿಸಿ. ಫ್ಲಾಟಿನ ಮೂರನೇ ಮಹಡಿಯಲ್ಲಿದ್ದು ಕೆಳಗೆ ಪ್ಲಗ್ ಇಲ್ಲ ಎಂದಾದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ.

ನಮ್ಮಲ್ಲಿ ಗಾಡಿಯನ್ನು ಬೇಗ ಮುದಿ ಮಾಡುವುದು ಉಪ್ಪು. ಮಲ್ಪೆಯಿಂದ ಬಂಗುಡೆ ತಂದು ಚೀಲವನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸುತ್ತೇವೆ. ನೀರು ತೊಟ್ಟಿಕ್ಕಿ ಫುಟ್‌ಬೋರ್ಡಿನ ಮ್ಯಾಟ್ ಕೆಳಗೆ ಹೋಗುತ್ತದೆ. ಮ್ಯಾಟ್ ಎತ್ತಿ ನೋಡಿದವರು ಕಡಿಮೆ. ಅಲ್ಲಿನ ಬೋಲ್ಟುಗಳ ತಲೆ ತುಕ್ಕು ಹಿಡಿದು ಉರುಟಾಗಿರುತ್ತದೆ, ಆಮೇಲೆ ಸ್ಪ್ಯಾನರ್ ಕೂರುವುದಿಲ್ಲ. ಸೈಲೆನ್ಸರಿನ ಅಡಿಭಾಗವೂ ಹಾಗೆಯೇ. ಮೀನು ತಂದ ದಿನ, ಬೀಚಿಗೆ ಹೋದ ದಿನ ಒಂದು ಬಕೆಟ್ ಸಿಹಿನೀರು ಹೊಯ್ಯಿರಿ, ಅಷ್ಟು ಸಾಕು. ಶೋರೂಮಿನವರು ಹೇಳುವ ದುಬಾರಿ ಕೋಟಿಂಗಿಗಿಂತ ಈ ಬಕೆಟ್ ನೀರಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಕೊನೆಗೆ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. 125 ಸಿಸಿ ಸ್ಕೂಟರ್‌ಗಳ ಶೋರೂಮ್ ಬೆಲೆ ಹೆಚ್ಚುಕಡಿಮೆ 75 ಸಾವಿರದಿಂದ 1 ಲಕ್ಷದ ಒಳಗೆ ಸಿಗುತ್ತದೆ. ಅದರ ಮೇಲೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್. ಕೊಟೇಶನ್ ಕೈಗೆ ಬಂದ ಮೇಲೆ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಇದು ಯಾಕೆ ಎಂದು ಕೇಳಿ. ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ, ಕಡ್ಡಾಯ, ಅದು ಬೇಕೇ ಬೇಕು. ಆದರೆ ವಿಮೆಯನ್ನು ಅಲ್ಲೇ ಮಾಡಿಸಬೇಕೆಂದಿಲ್ಲ, ಹೊರಗೆ ಎರಡು ಕಡೆ ರೇಟ್ ಕೇಳಿ ಹೋಲಿಸಿ. ಗಾರ್ಡ್, ಸೀಟ್ ಕವರ್, ಮ್ಯಾಟ್ ಬೇಡ ಎಂದರೆ ಬೇಡ ಎನ್ನಿ. ಅಲ್ಲಿ ಉಳಿದ ದುಡ್ಡಿಗೆ ಐಎಸ್‌ಐ ಗುರುತಿನ ಎರಡು ಒಳ್ಳೆಯ ಹೆಲ್ಮೆಟ್ ತನ್ನಿ, ಒಂದು ಹಿಂದೆ ಕೂರುವವರಿಗೆ.

ನನ್ನ ಆಯ್ಕೆ ಕೇಳಿದರೆ, ಮಣಿಪಾಲದ ಏರು ಹತ್ತಿ ಇಬ್ಬರು ಓಡಾಡುವ ಮನೆಗೆ ಜುಪಿಟರ್ 125, ಡಿಸ್ಕ್ ಇರುವುದು. ಸೀಟಿನ ಕೆಳಗೆ ಎರಡು ಹೆಲ್ಮೆಟ್ ಹಿಡಿಯುತ್ತದೆ, ಪೆಟ್ರೋಲ್ ಹಾಕಿಸಲು ಮಳೆಯಲ್ಲಿ ಸೀಟ್ ಎತ್ತಬೇಕಿಲ್ಲ. ಒಬ್ಬರೇ ಪೇಟೆಯೊಳಗೆ ಓಡಾಡುವುದಾದರೆ ಆಕ್ಸೆಸ್ ಅಥವಾ ಫ್ಯಾಸಿನೊ. ಹೈವೇ ಜಾಸ್ತಿ ಇದ್ದರೆ ಎನ್‌ಟಾರ್ಕ್. ಮನೆ ಹತ್ತಿರದ ಮೆಕ್ಯಾನಿಕ್‌ಗೆ ಯಾವ ಗಾಡಿಯ ಕೆಲಸ ಚೆನ್ನಾಗಿ ಗೊತ್ತು ಎಂಬುದನ್ನೂ ಒಂದು ಮಾತು ಕೇಳಿಕೊಳ್ಳಿ. ಈಗ ನಿಮ್ಮ ದಾರಿ ಎಲ್ಲಿಂದ ಎಲ್ಲಿಗೆ, ಹಿಂದೆ ಯಾರು ಕೂರುತ್ತಾರೆ ಎಂದು ಒಬ್ಬೊಬ್ಬರಾಗಿ ಹೇಳಿ, ನಿಮ್ಮ ಗಾಡಿಯ ಬಗ್ಗೆ ಮಾತಾಡೋಣ.