ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ತಪ್ಪೇನು?

ಕೇಳುಗರೆಲ್ಲರಿಗೂ ನಮಸ್ಕಾರ.

“ರಾತ್ರಿ ಹನ್ನೊಂದೂವರೆ ತನಕ ಆನ್‌ಲೈನ್ ಇದ್ದೆಯಲ್ಲ, ನನ್ನ ಮೆಸೇಜಿಗೆ ಉತ್ತರ ಕೊಡೋಕೆ ಮಾತ್ರ ಪುರುಸೊತ್ತು ಇರಲಿಲ್ವಾ?”

ಈ ಮಾತು ಕೇಳಿಸಿಕೊಳ್ಳದವರು ಈಗ ರೇಡಿಯೋ ಮುಂದೆ ಯಾರಾದರೂ ಇದ್ದೀರಾ? ಅತ್ತೆ ಸೊಸೆಯನ್ನು ಕೇಳುತ್ತಾರೆ. ಗೆಳೆಯ ಗೆಳೆಯನನ್ನು ಕೇಳುತ್ತಾನೆ. ಆಫೀಸಿನಲ್ಲಿ ಮೇಲಿನವರು ಕೆಳಗಿನವರನ್ನು ಕೇಳುತ್ತಾರೆ. ಬೇಸತ್ತು ನೀವು ಆನ್‌ಲೈನ್ ಅನ್ನುವುದೇ ಕಾಣದ ಹಾಗೆ ಮಾಡಿಕೊಂಡಿರಿ ಅನ್ನಿ, ಆಗ ಇನ್ನೊಂದು ಪ್ರಶ್ನೆ. “ಏನು ಮುಚ್ಚಿಡ್ತಾ ಇದ್ದೀಯ?”

ನಾನು ಬಹಳ ವರ್ಷ ಕಂಪ್ಯೂಟರ್ ವ್ಯವಸ್ಥೆಗಳನ್ನು ನೋಡಿಕೊಂಡವನು. ಇವತ್ತು ನಿಮಗೆ ಒಂದೇ ಒಂದು ಮಾತು ಹೇಳಬೇಕು ಅಂತ ಬಂದಿದ್ದೇನೆ. ಆನ್‌ಲೈನ್ ಇರುವವರ ಪಟ್ಟಿಯಿಂದ ಹೆಸರು ಮರೆಮಾಡಿಕೊಳ್ಳುವುದು ತಪ್ಪಲ್ಲ. ಮನೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತವರನ್ನು ನಾವು ಕಳ್ಳರು ಅನ್ನುತ್ತೇವಾ? ಇಲ್ಲ ತಾನೆ. ಇದೂ ಹಾಗೇ.

ಈ ಪಟ್ಟಿ ಹುಟ್ಟಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಅನ್ನುವವರು ಒಂದು ಸಣ್ಣ ಪ್ರೋಗ್ರಾಂ ಬರೆದರು. ಹೆಸರು ಫಿಂಗರ್. ಈಗ ಕಂಪ್ಯೂಟರ್ ಮುಂದೆ ಯಾರಿದ್ದಾರೆ, ಯಾವ ಜಾಗದಲ್ಲಿ ಕೂತಿದ್ದಾರೆ, ಕೀಲಿಮಣೆ ಮುಟ್ಟಿ ಎಷ್ಟು ನಿಮಿಷ ಆಯಿತು, ಎಲ್ಲವನ್ನೂ ಅದು ತೋರಿಸುತ್ತಿತ್ತು. ಯಾಕೆ ಬೇಕಾಗಿತ್ತು? ಒಂದೇ ಕಡೆ ಕೆಲಸ ಮಾಡುವವರು, ಪಕ್ಕದ ಕೋಣೆಯವರು ಎದ್ದಿದ್ದಾರಾ, ಹೋಗಿ ಒಂದು ಮಾತು ಕೇಳಬಹುದಾ ಅಂತ ತಿಳಿದುಕೊಳ್ಳುವುದಕ್ಕೆ. ಅಷ್ಟೇ. ಒಬ್ಬರನ್ನೊಬ್ಬರು ಬಲ್ಲ ಕೆಲವೇ ಜನರ ಅನುಕೂಲಕ್ಕೆ ಮಾಡಿದ್ದು. ಲೆಕ್ಕ ಕೇಳುವುದಕ್ಕೆ ಮಾಡಿದ್ದಲ್ಲ.

ಇನ್ನು ಬುಲೆಟಿನ್ ಬೋರ್ಡ್. ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ಇದ್ದ ಹಾಗೆಯೇ, ಆದರೆ ನಮ್ಮ ಕಂಪ್ಯೂಟರಿನಿಂದ ಫೋನ್ ತಂತಿಯ ಮೂಲಕ ಇನ್ನೊಂದು ಕಂಪ್ಯೂಟರಿಗೆ ಹೋಗಿ ಓದುವುದು, ಬರೆಯುವುದು. ಮೊದಲನೆಯದನ್ನು ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸೂಸ್ ಕಟ್ಟಿದರು. 1978ರ ಜನವರಿಯಲ್ಲಿ ಅಲ್ಲಿ ವಿಪರೀತ ಹಿಮ ಬಿದ್ದು ಹೊರಗೆ ಕಾಲಿಡುವ ಹಾಗಿರಲಿಲ್ಲ. ಆಗ ಕೂತು ಶುರುಮಾಡಿದ ಕೆಲಸ, ಫೆಬ್ರವರಿ 16ಕ್ಕೆ ಜನರಿಗೆ ತೆರೆದುಕೊಂಡಿತು. ಅದಕ್ಕೆ ಇದ್ದದ್ದು ಒಂದೇ ಫೋನ್ ಲೈನ್. ಒಂದು ಸಲಕ್ಕೆ ಒಬ್ಬರೇ ಒಳಗೆ. ಎಂಗೇಜ್ ಟೋನ್ ಬಂದರೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತಿತ್ತು, ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಅದರಿಂದ ಯಾರಿಗೂ ನಷ್ಟ ಆಗಲಿಲ್ಲ, ನೋಡಿ! ಆಮೇಲೆ ಬಂದ ಬೋರ್ಡುಗಳಲ್ಲಿ ನಾಲ್ಕು, ಎಂಟು ಲೈನ್ ಆದಾಗ, ಯಾವ ಲೈನಿನಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿ ಹುಟ್ಟಿಕೊಂಡಿತು. ಪಟ್ಟಿ ಹುಟ್ಟಿದ ಮೇಲೆ ಅದರಲ್ಲಿ ಕಾಣದೆ ಇರುವ ಆಸೆಯೂ ಹುಟ್ಟಿತು. ಸಹಜವೇ ಅಲ್ವಾ?

ಈಗ ನಾನೇ ನೋಡಿಕೊಳ್ಳುತ್ತಿದ್ದ ಒಂದು ಬೋರ್ಡಿನ ಕತೆ ಹೇಳುತ್ತೇನೆ. ಸ್ವಲ್ಪ ಉದ್ದ. ಆದರೆ ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ.

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಇಂಟರ್ನೆಟ್‌ನಲ್ಲಿ ಒಂದು ಬೋರ್ಡ್ ಮಾಡಿಕೊಂಡಿದ್ದೆವು. ಬೆಂಗಳೂರಿನವರು, ಹುಬ್ಬಳ್ಳಿಯವರು, ಅಮೆರಿಕಕ್ಕೆ ಹೋದವರು, ಎಲ್ಲರೂ ಇದ್ದರು. ತಂತ್ರಾಂಶ ಪಿಎಚ್‌ಪಿಬಿಬಿ. 2000ದಲ್ಲಿ ಜೇಮ್ಸ್ ಅಟ್ಕಿನ್‌ಸನ್ ಅನ್ನುವವರು ಶುರುಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದರ ಮೊದಲ ಪುಟದ ಅಡಿಯಲ್ಲಿ ಒಂದು ಸಾಲು ಬರುತ್ತಿತ್ತು. ಈಗ ಇಷ್ಟು ಜನ ಆನ್‌ಲೈನ್ ಇದ್ದಾರೆ, ಅದರಲ್ಲಿ ಸದಸ್ಯರು ಇಷ್ಟು, ಅಡಗಿದವರು ಇಷ್ಟು, ಅತಿಥಿಗಳು ಇಷ್ಟು. ಅದರ ಕೆಳಗೆ ಸದಸ್ಯರ ಹೆಸರುಗಳು. ಕಳೆದ 5 ನಿಮಿಷದಲ್ಲಿ ಯಾವುದಾದರೂ ಪುಟ ತೆರೆದಿದ್ದರೆ ನೀವು ಆನ್‌ಲೈನ್ ಅಂತ ಅದರ ಲೆಕ್ಕ. ನೀವು ಪುಟ ತೆರೆದಿಟ್ಟು ಒಲೆ ಮೇಲಿನ ಹಾಲು ನೋಡಲು ಎದ್ದು ಹೋಗಿದ್ದರೂ, ಆ 5 ನಿಮಿಷ ನಿಮ್ಮ ಹೆಸರು ಅಲ್ಲಿ ಉರಿಯುತ್ತಲೇ ಇರುತ್ತದೆ. ಇಂಥ ಪಟ್ಟಿ ನೋಡಿ ಜನ ಜಗಳ ಆಡುತ್ತಾರೆ!

ನಮ್ಮ ಬೋರ್ಡಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದರು. ಮದುವೆಯಾಗಿ ಅಮೆರಿಕಕ್ಕೆ ಹೋಗಿದ್ದರು. ಗಂಡನ ವೀಸಾ ಮೇಲೆ ಹೋದವರು ಅಲ್ಲಿ ಆಗ ಕೆಲಸ ಮಾಡುವ ಹಾಗಿರಲಿಲ್ಲ. ಕಲಿತದ್ದು ಮರೆತುಹೋಗಬಾರದು ಅಂತ, ಮಗು ಮಲಗಿದ ಮೇಲೆ ಬಂದು ನಮ್ಮ ಬೋರ್ಡಿನ ಪಾಠದ ಚರ್ಚೆಗಳನ್ನು ಓದುತ್ತಿದ್ದರು. ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಸಿಗುತ್ತಿದ್ದದ್ದು ಅದೇ ಹೊತ್ತು. ಅವರಿಗೆ ರಾತ್ರಿ ಎರಡು ಗಂಟೆ, ನಮಗೆ ಮಧ್ಯಾಹ್ನ ಹನ್ನೆರಡೂವರೆ.

ಹೆಸರು ಪಟ್ಟಿಯಲ್ಲಿ ಕಂಡದ್ದೇ ತಡ, ಶುರು. “ಇನ್ನೂ ಮಲಗಿಲ್ವಾ?” “ಯಾಕೆ, ಮನೇಲಿ ಏನಾದ್ರೂ ತೊಂದರೆನಾ?” “ಬರುವಾಗ ಒಂದು ಕ್ಯಾಮೆರಾ ತರ್ತೀರಾ?” ಓದಲು ಬಂದವರು ಉತ್ತರ ಬರೆಯುತ್ತಾ ಕೂರಬೇಕು. ಉತ್ತರ ಕೊಡದಿದ್ದರೆ ಜಂಬ. ಅಷ್ಟಕ್ಕೇ ಮುಗಿಯಲಿಲ್ಲ. ಸದಸ್ಯರೊಬ್ಬರಿಗೆ ಆಕೆಯ ಅತ್ತೆ ಮನೆಯವರ ಪರಿಚಯ ಇತ್ತು. “ನಿಮ್ಮ ಸೊಸೆ ರಾತ್ರಿಯೆಲ್ಲಾ ಕಂಪ್ಯೂಟರ್ ಮುಂದೆ ಇರ್ತಾಳೆ” ಅನ್ನುವ ಸುದ್ದಿ ಹಾಸನಕ್ಕೆ ಮುಟ್ಟಿತು. ಹಾಸನದಿಂದ ಅಮೆರಿಕಕ್ಕೆ ಫೋನ್ ಹೋಯಿತು. ಆಕೆ ನನಗೆ ಬರೆದದ್ದು ಇಷ್ಟೇ. “ಸರ್, ನನ್ನ ಸದಸ್ಯತ್ವ ತೆಗೆದುಬಿಡಿ.”

ನನಗೆ ಬಹಳ ಸಂಕಟವಾಯಿತು, ಸಿಟ್ಟೂ ಬಂತು. ತೆಗೆಯಬೇಡಿ ಅಂದೆ. ಪ್ರೊಫೈಲ್ ಪುಟಕ್ಕೆ ಹೋಗಿ, ‘ಆನ್‌ಲೈನ್ ಇರುವುದನ್ನು ಮರೆಮಾಡು’ ಅನ್ನುವ ಕಡೆ ‘ಹೌದು’ ಒತ್ತಿ ಅಂದೆ. ಅವರು ಒತ್ತಿದರು. ಹೆಸರು ಮಾಯವಾಯಿತು. ಓದಿಗೆ ನೆಮ್ಮದಿ ಸಿಕ್ಕಿತು.

ಆದರೆ ಆ ಅಡಿ ಸಾಲು ಇದೆಯಲ್ಲ? ಅಲ್ಲಿ ಈಗ ‘ಅಡಗಿದವರು: 1’ ಅಂತ ಬರಲು ಶುರುವಾಯಿತು. ತಂತ್ರಾಂಶ ಹೆಸರು ಮುಚ್ಚುತ್ತದೆ, ಎಣಿಕೆ ಮುಚ್ಚುವುದಿಲ್ಲ. ಎರಡೇ ದಿನದಲ್ಲಿ ಬೋರ್ಡಿನಲ್ಲಿ ಅದೇ ಮಾತು. ಯಾರು ಆ ಒಬ್ಬರು? ನಮ್ಮನ್ನೆಲ್ಲ ಕದ್ದು ನೋಡುತ್ತಿರುವವರು ಯಾರು? ಒಬ್ಬ ಹಿರಿಯರು, ನನಗೆ ತುಂಬ ಗೌರವ ಇದ್ದವರು, “ಒಳ್ಳೆಯವರಿಗೆ ಮುಚ್ಚುಮರೆ ಯಾಕೆ?” ಅಂತ ದೊಡ್ಡ ಅಕ್ಷರದಲ್ಲಿ ಬರೆದರು. ಕೆಲವರು ಲೆಕ್ಕ ಹಾಕಲು ಕೂತರು. ಯಾವ ಉತ್ತರ ಎಷ್ಟು ಗಂಟೆಗೆ ಬಿತ್ತು, ಆಗ ಪಟ್ಟಿಯಲ್ಲಿ ಆ ಹೆಸರು ಇತ್ತಾ, ಇಲ್ಲವಾ. ಬರೆದ ಪ್ರತಿ ಮಾತಿನ ಪಕ್ಕ ಸಮಯ ಬೀಳುತ್ತದೆ, ಹಾಗಾಗಿ ಕಂಡುಹಿಡಿಯುವುದು ಕಷ್ಟವೇನಲ್ಲ. ಕೊನೆಗೆ ನನಗೇ ಬರೆದರು. “ನೀವು ಅಡ್ಮಿನ್, ನಿಮಗೆ ಕಾಣುತ್ತದೆ, ಹೆಸರು ಹೇಳಿ.”

ಹೌದು, ನನಗೆ ಕಾಣುತ್ತಿತ್ತು. ಅಡಗಿದವರ ಹೆಸರು ಅಡ್ಮಿನ್ ಪರದೆ ಮೇಲೆ ಓರೆ ಅಕ್ಷರದಲ್ಲಿ ಬರುತ್ತದೆ. ನಾನು ಹೇಳಲಿಲ್ಲ. ಆ ಹಿರಿಯರಿಗೆ ಕೇಳಿದೆ, ಸ್ವಾಮಿ, ನೀವು ಗ್ರಂಥಾಲಯಕ್ಕೆ ಹೋಗಿ ಪೇಪರ್ ಓದುವಾಗ ನಿಮ್ಮ ಹೆಸರನ್ನು ಯಾರಾದರೂ ಬಾಗಿಲಲ್ಲಿ ನಿಂತು ಕೂಗುತ್ತಾರಾ? ಅವರು ಉತ್ತರ ಬರೆಯಲಿಲ್ಲ. ಅವತ್ತು ಸಂಜೆ ನಾನು ತಂತ್ರಾಂಶದ ಪುಟ ತೆರೆದು, ಆ ಅಡಿ ಸಾಲನ್ನೂ ಹೆಸರುಗಳ ಪಟ್ಟಿಯನ್ನೂ ಪೂರ್ತಿ ಅಳಿಸಿ ಹಾಕಿದೆ. ಯಾರ ಹೆಸರೂ ಇಲ್ಲ, ಎಣಿಕೆಯೂ ಇಲ್ಲ.

ಒಂದು ವಾರ ಗೊಣಗಿದರು. ಆಮೇಲೆ ಎಲ್ಲರೂ ಮರೆತರು. ಬರೆಯುವವರು ಬರೆದರು, ಓದುವವರು ಓದಿದರು. ಆಕೆ ಮಾತ್ರ ಮೊದಲಿಗಿಂತ ಜಾಸ್ತಿ ಬರೆಯತೊಡಗಿದರು. ಹುಡುಗರ ಪ್ರಶ್ನೆಗಳಿಗೆ ಲೆಕ್ಕದ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಉತ್ತರ ಕೊಡುತ್ತಿದ್ದರು. ಆ ಪಟ್ಟಿ ಹಾಗೇ ಇದ್ದಿದ್ದರೆ ಅಷ್ಟೂ ನಮಗೆ ಸಿಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಪಟ್ಟಿಯಿಂದ ಹೆಸರು ಮರೆಮಾಡಿಕೊಳ್ಳುವುದು ತಪ್ಪಲ್ಲ.

ಹೊತ್ತು ಸ್ವಲ್ಪವೇ ಉಳಿದಿದೆ. ಇನ್ನು ಎರಡು ವಿಷಯ ಬೇಗ ಹೇಳಿಬಿಡುತ್ತೇನೆ.

ಮೊದಲನೆಯದು ವಾಟ್ಸ್‌ಆಪ್. ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಒತ್ತಿ. ಮೇಲೆಯೇ ಲಾಸ್ಟ್ ಸೀನ್ ಮತ್ತು ಆನ್‌ಲೈನ್ ಅಂತ ಇರುತ್ತದೆ. ಲಾಸ್ಟ್ ಸೀನ್, ಅಂದರೆ ನೀವು ಕೊನೆಗೆ ಯಾವಾಗ ಆನ್‌ಲೈನ್ ಇದ್ದಿರಿ ಅನ್ನುವುದು, ಯಾರಿಗೂ ಬೇಡ ಅಂತ ಆರಿಸಿ. ಅದರ ಕೆಳಗೆ ಆನ್‌ಲೈನ್ ಅನ್ನುವ ಕಡೆ, ಲಾಸ್ಟ್ ಸೀನ್ ಹೇಗೋ ಹಾಗೇ ಅಂತ ಆರಿಸಿ. ಲಾಸ್ಟ್ ಸೀನ್ ಮರೆಮಾಡುವ ಸೌಲಭ್ಯ ಬಹಳ ಹಿಂದೆಯೇ ಇತ್ತು. ಆನ್‌ಲೈನ್ ಇರುವುದನ್ನೂ ಮರೆಮಾಡಬಹುದು ಅಂತ ಅವರು ಹೇಳಿದ್ದು 2022ರ ಆಗಸ್ಟ್‌ನಲ್ಲಿ. ನೀವು ನಿಮ್ಮದನ್ನು ಮುಚ್ಚಿದರೆ ಬೇರೆಯವರದೂ ನಿಮಗೆ ಕಾಣುವುದಿಲ್ಲ. ಕಾಣದಿದ್ದರೆ ಒಳ್ಳೆಯದೇ ಆಯಿತು, ಸುಮ್ನೆ ಬೇರೆಯವರ ಗಂಟೆ ಎಣಿಸುವ ಕೆಲಸ ತಪ್ಪಿತು.

ಎರಡನೆಯದು, ಪಟ್ಟಿಯಿಂದ ಮರೆಯಾದರೆ ಜನರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ. ನಡೆಸುವವರ ಬಳಿ ದಾಖಲೆ ಇರುತ್ತದೆ. ಹಾಗಾಗಿ ಇದನ್ನು ನಂಬಿಕೊಂಡು ಯಾರಿಗೂ ಕೆಟ್ಟ ಮಾತು ಬರೆಯಬೇಡಿ. ಆ ವಿಷಯವೇ ಬೇರೆ, ಅದಕ್ಕೆ ಇನ್ನೊಂದು ಭಾಷಣ ಬೇಕು.

ಇವತ್ತು ಊಟ ಆದ ಮೇಲೆ ನಿಮ್ಮ ಫೋನಿನಲ್ಲಿ ಇದನ್ನು ಮಾಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಒಂದು ಮಾತು ಕೇಳಿ, ಬೇಕು ಅಂದರೆ ಅವರ ಫೋನಿನಲ್ಲೂ ಮಾಡಿಕೊಡಿ. ನಿದ್ದೆ ಬರದೆ ಅವರು ನಡುರಾತ್ರಿ ಮೊಮ್ಮಗುವಿನ ಫೋಟೋ ನೋಡಿದ್ದಕ್ಕೆ, ಬೆಳಗ್ಗೆ ಮಗನಿಂದ “ಮೂರು ಗಂಟೆಗೆ ಯಾಕೆ ಎದ್ದಿದ್ದೆ ಅಮ್ಮಾ?” ಅಂತ ಬೈಸಿಕೊಳ್ಳುವುದು ತಪ್ಪುತ್ತದೆ.

ನಮಸ್ಕಾರ.